ಗುಳಿಗೆಯಲ್ಲಿ ಔಷಧ ಇಷ್ಟೇ ಇಷ್ಟು! ಹಾಗಾದರೆ ಉಳಿದದ್ದು ಏನು?

[ಗುಳಿಗೆಯ ಸ್ಟ್ರಿಪ್ ಕ್ಯಾಮೆರಾಗೆ ಹತ್ತಿರ]

ನಮಸ್ಕಾರ್ರಿ. ಇದು ನಮ್ಮ ಅವ್ವನ ಥೈರಾಯ್ಡ್ ಗುಳಿಗೆ. ಮೊನ್ನೆ ಬಾಗಲಕೋಟೆಗೆ ಹೋದಾಗ ಅವ್ವ ಕನ್ನಡಕ ಏರಿಸಿಕೊಂಡು ಇದನ್ನೇ ಓದುತ್ತಾ ಕೂತಿದ್ದಳು. "25 ಮೈಕ್ರೋ ಅಂತ ಬರದಾರ. ಹಂಗಂದ್ರ ಎಷ್ಟೋ?"

ಲೆಕ್ಕ ಹಾಕಿ ಹೇಳಿದೆ. ಮೈಕ್ರೋಗ್ರಾಂ ಅಂದರೆ ಮಿಲಿಗ್ರಾಂನ ಸಾವಿರದಲ್ಲಿ ಒಂದು ಪಾಲು. ಗುಳಿಗೆಯ ತೂಕ 100 ಮಿಲಿಗ್ರಾಂ ಅಂತ ಇಟ್ಟುಕೊಂಡರೆ, ಅದರಲ್ಲಿ ಔಷಧ ನಾಲ್ಕು ಸಾವಿರದಲ್ಲಿ ಒಂದು ಪಾಲು. ಅವ್ವ ಗುಳಿಗೆಯನ್ನೇ ಒಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. "ಹಂಗಾರ ನಾ ದಿನಾ ನುಂಗಾಕತ್ತಿದ್ದು ಏನು?"

ಉತ್ತರ ಸ್ಟ್ರಿಪ್ ಮೇಲೇ ಇದೆ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ. 'ಎಕ್ಸಿಪಿಯೆಂಟ್ಸ್ ಕ್ಯೂ.ಎಸ್.' ಎಕ್ಸಿಪಿಯೆಂಟ್ ಅಂದರೆ ಔಷಧದ ಜೊತೆ ಬೆರೆಸುವ ಇತರ ಸಾಮಾನು. ಕ್ಯೂ.ಎಸ್. ಲ್ಯಾಟಿನ್ ಮಾತು, ಅರ್ಥ 'ಬೇಕಾದಷ್ಟು'. ಅಡುಗೆ ಪುಸ್ತಕದಲ್ಲಿ 'ಉಪ್ಪು ರುಚಿಗೆ ತಕ್ಕಷ್ಟು' ಅಂತ ಇರುತ್ತದೆ ಅಲ್ವಾ? ಅದೇ.

ಏನೇನಿರುತ್ತದೆ ಅಂತ ಬೇಗ ಹೇಳಿಬಿಡುತ್ತೇನೆ. ಗಾತ್ರ ತುಂಬಲು ಹಾಲಿನಿಂದ ತೆಗೆದ ಸಕ್ಕರೆ, ಅಂದರೆ ಲ್ಯಾಕ್ಟೋಸ್. ಮೆಕ್ಕೆಜೋಳದ ಪಿಷ್ಟ. ಯಂತ್ರಕ್ಕೆ ಹತ್ತಿಕೊಳ್ಳದಿರಲಿ ಅಂತ ಮೆಗ್ನೀಸಿಯಂ ಸ್ಟಿಯರೇಟ್. ಬಣ್ಣ. ಆಮೇಲೆ ಎಲ್ಲವನ್ನೂ ಹಿಡಿದಿಡಲು ಅಂಟು.

ಅಂಟು ಅಂದ ಮೇಲೆ ಕರದಂಟಿನ ಊರು ಅಮೀನಗಡಕ್ಕೆ ಹೋಗದೆ ಇರಲು ಆಗುತ್ತದಾ? ಗೋಕಾಕದವರು ಸಿಟ್ಟಾಗಬೇಡಿ, ನಮಗೆ ಇದೇ ಹತ್ತಿರ.

[ಕರದಂಟಿನ ಅಂಗಡಿ, ಬಾಣಲೆ]

ನೋಡಿ, ಇದು ಮರದಿಂದ ಬರುವ ಅಂಟು. ಕಲ್ಲುಸಕ್ಕರೆ ಹರಳಿನ ಹಾಗೆ ಗಟ್ಟಿ. ಕಾದ ತುಪ್ಪಕ್ಕೆ ಬಿಟ್ಟರೆ ಅರಳಿನ ಹಾಗೆ ಉಬ್ಬುತ್ತದೆ. ಕರಿದ ಅಂಟು, ಅದಕ್ಕೇ ಕರದಂಟು. ಮೇಲೆ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಗಸಗಸೆ. ಇವೆಲ್ಲ ಒಂದಾಗಿ ನಿಲ್ಲುವುದು ಬೆಲ್ಲದ ಪಾಕದಿಂದ. ಅಂಗಡಿಯ ಕಾಕಾ ಹೇಳಿದರು: "ಪಾಕ ಎಳಿ ಆದ್ರ ಕರದಂಟು ಉದುರತೈತಿ, ಬಲಿತ್ರ ಹಲ್ಲು ಮುರೀತೈತಿ."

ಗುಳಿಗೆ ಮಾಡುವವರ ತಲೆನೋವೂ ಇದೇ! ಅಲ್ಲಿ ಪಾಕದ ಬದಲು ಜಾಲಿ ಬಳಗದ ಮರದ ಅಂಟು ಹಾಕುತ್ತಿದ್ದರು, ಪಿಷ್ಟದ ಗಂಜಿಯನ್ನೂ ಹಾಕುತ್ತಾರೆ. ಕಡಿಮೆಯಾದರೆ ಸ್ಟ್ರಿಪ್‌ನಲ್ಲೇ ಪುಡಿ. ಜಾಸ್ತಿಯಾದರೆ ಹೊಟ್ಟೆಯಲ್ಲಿ ಕರಗುವುದಿಲ್ಲ. ನನಗೆ ಇಷ್ಟವಾದ ವಿಷಯ ಏನು ಗೊತ್ತಾ? ಕರದಂಟಿನಲ್ಲಿ ಅಂಟಿಗೆ ಹೆಸರಿನಲ್ಲೇ ಜಾಗ ಕೊಟ್ಟಿದ್ದೇವೆ. ಗುಳಿಗೆಯಲ್ಲಿ ಮಾತ್ರ ಅದು 'ಬೇಕಾದಷ್ಟು' ಅನ್ನುವ ಗುಂಪಿನಲ್ಲಿ ಒಬ್ಬ. (ಇಷ್ಟೊತ್ತಿಗೆ ನಾನು ಮೂರು ತುಂಡು ತಿಂದಿದ್ದೇನೆ. ಎಡಿಟರ್ ತೆಗೆದಿರುತ್ತಾನೆ.)

ಈ ಸಾಮಾನು ಸುಮ್ನೆ ಕೂತಿರುತ್ತದೆ, ಏನೂ ಮಾಡುವುದಿಲ್ಲ ಅಂತ ಬಹಳ ಕಾಲ ನಂಬಿದ್ದರು. 1968ರಲ್ಲಿ ಆಸ್ಟ್ರೇಲಿಯಾದಲ್ಲಿ ಫಿನಿಟಾಯಿನ್ ಅನ್ನುವ ಮೂರ್ಛೆರೋಗದ ಔಷಧ ತೆಗೆದುಕೊಳ್ಳುತ್ತಿದ್ದವರು ಒಬ್ಬರ ಹಿಂದೆ ಒಬ್ಬರು ತೂರಾಡತೊಡಗಿದರು. ಡೋಸ್ ಬದಲಾಗಿರಲಿಲ್ಲ. ಬದಲಾಗಿದ್ದು ಒಳಗೆ ತುಂಬಿದ್ದ ಪುಡಿ. ಮೊದಲು ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ನಮ್ಮ ಸೀಮೆಸುಣ್ಣದ ಜಿಪ್ಸಂ ಇತ್ತು. ಅದನ್ನು ತೆಗೆದು ಲ್ಯಾಕ್ಟೋಸ್ ಹಾಕಿದರು. ಅಷ್ಟಕ್ಕೇ ಔಷಧ ರಕ್ತಕ್ಕೆ ಜಾಸ್ತಿ ಸೇರಿ ವಿಷವಾಯಿತು. ಮೂರ್ಛೆಯದ್ದಾಗಲಿ ಥೈರಾಯ್ಡ್‌ದಾಗಲಿ, ಕಂಪನಿ ಬದಲಿಸುವ ಮೊದಲು ಡಾಕ್ಟರನ್ನು ಕೇಳಿ ಅನ್ನುವುದು ಇದಕ್ಕೇ.

[ಕಪ್ಪು ಪರದೆ. ಸಿರಪ್ ಬಾಟಲಿ]

ಇಲ್ಲಿಂದ ಮುಂದೆ ನಗು ಇಲ್ಲ.

ಸಿರಪ್‌ನಲ್ಲಿ ಔಷಧ ಕರಗಲು ದ್ರವ ಬೇಕು. ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಹಾಕುತ್ತಾರೆ. ಇವೆರಡೂ ಸರಿಯಾದ ದರ್ಜೆಯದ್ದಾದರೆ ತೊಂದರೆಯಿಲ್ಲ. ಆದರೆ ಇವುಗಳ ಹಾಗೇ ಕಾಣುವ, ಹಾಗೇ ಸಿಹಿಯಾಗಿರುವ, ಅಗ್ಗದ ಒಂದು ದ್ರವ ಇದೆ. ಡೈಎಥಿಲೀನ್ ಗ್ಲೈಕಾಲ್. ಕಾರ್ಖಾನೆಗಳ ಕೆಲಸಕ್ಕೆ ಇರುವಂಥದ್ದು. ಹೊಟ್ಟೆಗೆ ಹೋದರೆ ಕಿಡ್ನಿ ಕೆಡುತ್ತದೆ, ಮೂತ್ರ ನಿಲ್ಲುತ್ತದೆ.

1937ರಲ್ಲಿ ಅಮೆರಿಕದಲ್ಲಿ ಸಲ್ಫನಿಲಮೈಡ್ ಅನ್ನುವ ಔಷಧವನ್ನು ಇದರಲ್ಲೇ ಕರಗಿಸಿ ಮಾರಿದರು. ಬಣ್ಣ, ರುಚಿ, ವಾಸನೆ ನೋಡಿದ್ದರು. ವಿಷವೇ ಅಂತ ನೋಡಿರಲಿಲ್ಲ. 100ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮಕ್ಕಳೂ ಬಹಳ. ಕಂಪನಿಯನ್ನು ಹಿಡಿದದ್ದು ಯಾವ ತಪ್ಪಿಗೆ ಗೊತ್ತಾ? ಹೆಸರಿಗೆ! ಔಷಧಕ್ಕೆ 'ಎಲಿಕ್ಸಿರ್' ಅಂತ ಹೆಸರಿಟ್ಟಿದ್ದರು. ಹಾಗಂದರೆ ಆಲ್ಕೋಹಾಲ್ ಇರಬೇಕು, ಇದರಲ್ಲಿ ಇರಲಿಲ್ಲ. ಜನ ಸತ್ತದ್ದಕ್ಕೆ ಆಗ ಕಾನೂನೇ ಇರಲಿಲ್ಲ. ಮುಂದಿನ ವರ್ಷ, 1938ರಲ್ಲಿ, ಮಾರುವ ಮೊದಲು ಸುರಕ್ಷತೆ ತೋರಿಸಬೇಕು ಅನ್ನುವ ಕಾನೂನು ಬಂತು.

ಪಾಠ ಕಲಿತೆವಾ? 1986, ಮುಂಬೈ ಜೆ.ಜೆ. ಆಸ್ಪತ್ರೆ: ಗ್ಲಿಸರಿನ್‌ನಲ್ಲಿ ಇದೇ ವಿಷ, 14 ಸಾವು. 2022, ಆಫ್ರಿಕಾದ ಗ್ಯಾಂಬಿಯಾ: ಸುಮಾರು 70 ಮಕ್ಕಳು, ಭಾರತದಲ್ಲಿ ತಯಾರಾದ ಸಿರಪ್‌ಗಳ ನಂಟು. 2025, ಮಧ್ಯಪ್ರದೇಶದ ಛಿಂದವಾಡ: 20ಕ್ಕೂ ಹೆಚ್ಚು ಮಕ್ಕಳು. ಆ ಕೆಮ್ಮಿನ ಸಿರಪ್‌ನಲ್ಲಿ ಸಿಕ್ಕ ಪ್ರಮಾಣ 48.6 ಶೇಕಡಾ. ಇರಬಹುದಾದ ಮಿತಿ 0.1. ಹೆಚ್ಚುಕಡಿಮೆ ಅರ್ಧ ಬಾಟಲಿ ವಿಷ. ಸಂತೆಯಲ್ಲಿ ತೊಗರಿ ಕೊಳ್ಳುವವರೂ ಒಂದು ಹಿಡಿ ಎತ್ತಿ ನೋಡುತ್ತಾರೆ. ಸಿರಪ್ ಕಂಪನಿಗೆ ಆ ದ್ರವದ ಡ್ರಮ್ ಬಂದಾಗ ಒಂದು ಪರೀಕ್ಷೆ ಮಾಡಿದ್ದರೆ ಇದು ಸಿಕ್ಕಿಬೀಳುತ್ತಿತ್ತು.

ಔಷಧಕ್ಕಾದರೂ ಮಿತಿ ಇದೆ, ಲ್ಯಾಬ್ ಇದೆ. ಬೀದಿಯಲ್ಲಿ ಮಾರುವ ಡ್ರಗ್ಸ್‌ಗೆ? ಅಲ್ಲಿ ಬೆರೆಸುವುದು ಮಾರುವವನ ಜೇಬಿಗೆ ಬೇಕಾದಷ್ಟು.

[ಅಮೀನಗಡದ ಕುರಿ ಸಂತೆ]

ಮತ್ತೆ ಅಮೀನಗಡಕ್ಕೇ ಬಂದೆ, ಈ ಸಲ ಕುರಿ ಸಂತೆಗೆ. ಕುರಿಗಳಿಗೆ ಜಂತುಹುಳುವಿನ ಔಷಧ ಕುಡಿಸುತ್ತಾರೆ. ಅದರಲ್ಲಿ ಒಂದು ಲೆವಾಮಿಸೋಲ್. 2009ರ ಹೊತ್ತಿಗೆ ಅಮೆರಿಕದಲ್ಲಿ ಜಪ್ತಿಯಾದ ಕೊಕೇನ್‌ನಲ್ಲಿ ಮೂರರಲ್ಲಿ ಎರಡು ಪಾಲಿಗೆ ಇದನ್ನು ಬೆರೆಸಿರುತ್ತಿದ್ದರು. ಯಾಕೆ? ಬಿಳಿ ಪುಡಿ, ಅಗ್ಗ, ನೋಡಿದರೆ ಗೊತ್ತಾಗುವುದಿಲ್ಲ. ಸಾವಿರಾರು ಡಾಲರ್ ಕೊಟ್ಟು ಮೂಗಿಗೆ ಏರಿಸುತ್ತಿದ್ದದ್ದು ಕುರಿಯ ಜಂತಿನ ಔಷಧ! ಒಬ್ಬ ಕುರಿಗಾರ ಅಣ್ಣನಿಗೆ ಇದನ್ನು ಹೇಳಿದೆ. "ಅವ್ರಿಗೆ ಜಂತು ಇದ್ದವೇನ್ರಿ?" ಅಂದ. ಆದರೆ ಮನುಷ್ಯರಲ್ಲಿ ಅದು ಬಿಳಿ ರಕ್ತಕಣಗಳನ್ನೇ ಬತ್ತಿಸಿಬಿಡಬಹುದು. ಆಗ ಸಣ್ಣ ಗಂಟಲು ನೋವೂ ಜೀವಕ್ಕೆ ಬರುತ್ತದೆ. ಕೆಲವರಿಗೆ ಕಿವಿಯ ಚರ್ಮ ಕಪ್ಪಾಗಿ ಸಾಯುತ್ತದೆ.

ಟೈಮ್ ಮುಗೀತಾ ಬಂತು, ಉಳಿದದ್ದನ್ನು ಒಟ್ಟಿಗೇ ಹೇಳುತ್ತೇನೆ. ಅಮೆರಿಕದಲ್ಲಿ ಈಗ ಫೆಂಟಾನಿಲ್ ಅನ್ನುವ ನಶೆಯ ನೋವಿನ ಔಷಧಕ್ಕೆ ದನ, ಕುದುರೆಗಳನ್ನು ಮಂಪರುಗೊಳಿಸುವ ಜೈಲಜೀನ್ ಬೆರೆಸುತ್ತಾರೆ, ಮೈಮೇಲೆ ಮಾಯದ ಗಾಯ ಏಳುತ್ತವೆ. ಇನ್ನು ಗುಳಿಗೆ ಪುಡಿ ಮಾಡಿ ಇಂಜೆಕ್ಷನ್ ಚುಚ್ಚಿಕೊಳ್ಳುವವರು. ಆಗಲೇ ಹೇಳಿದ ಪಿಷ್ಟ, ಕೆಲವು ಗುಳಿಗೆಯಲ್ಲಿರುವ ಟಾಲ್ಕ್ ಪುಡಿ ಎಲ್ಲ ಹೊಟ್ಟೆಗೆ ಅಂತ ಹಾಕಿದ್ದು. ರಕ್ತನಾಳಕ್ಕೆ ಹೋದರೆ ಕರಗದೆ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತವೆ.

ಮಕ್ಕಳಿರುವ ಮನೆಯವರು ಕೇಳಿ. ಚಿಕ್ಕ ಮಕ್ಕಳಿಗೆ ಡಾಕ್ಟರ್ ಹೇಳದೆ ಕೆಮ್ಮಿನ ಸಿರಪ್ ಬೇಡ. ಬಿಲ್ ತೆಗೆದುಕೊಳ್ಳಿ. ಸಿರಪ್ ಕುಡಿಸಿದ ಮೇಲೆ ಮಗು ಉಚ್ಚೆ ಹೊಯ್ಯುವುದು ಕಡಿಮೆಯಾದರೆ ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ಅವ್ವನಿಗೂ ಇದೆಲ್ಲ ವಿವರಿಸಿದೆ. ಗುಳಿಗೆ ನಿಲ್ಲಿಸಬೇಡ, ನಿನ್ನದರಲ್ಲಿ ಇರುವುದು ಹಾಲಿನ ಸಕ್ಕರೆ, ಮೆಕ್ಕೆಜೋಳದ ಪಿಷ್ಟ ಅಷ್ಟೇ ಅಂದೆ. ಎಲ್ಲಾ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಮೆಕ್ಕಿಜ್ವಾಳ ಐತಿ ಅಂತಿ. ಹಂಗಾರ ಇಷ್ಟ್ ವರ್ಷ ಹಿಡದ ಏಕಾದಶಿ ಉಪವಾಸ ಏನಾತೋ?"