ನೀನು ಯಾವ ಕಡೆಯವನು?

ಕೇಳುಗರಿಗೆಲ್ಲ ನಮಸ್ಕಾರ.

ಗಡಿಯಲ್ಲಿ ಹುಟ್ಟಿದವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ನೀನು ಯಾವ ಕಡೆಯವನು? ಇದಕ್ಕೆ ಉತ್ತರ ಹೇಳುವ ಹಕ್ಕು ಯಾರದ್ದು? ಇವತ್ತು ಶ್ಲೆಸ್ವಿಗ್ ಸೀಮೆಯ ಕಥೆ ಹೇಳುತ್ತೇನೆ. ಡೆನ್ಮಾರ್ಕ್ ಮತ್ತು ಜರ್ಮನಿ ಕೂಡುವ ನೆಲ ಅದು.

1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತಿತು. ಶ್ಲೆಸ್ವಿಗ್ ಅದರ ಕೈತಪ್ಪಿ, ಕೆಲವೇ ವರ್ಷಗಳಲ್ಲಿ ಪ್ರಷ್ಯ ಎಂಬ ಜರ್ಮನ್ ರಾಜ್ಯಕ್ಕೆ ಸೇರಿತು. ಮುಂದೆ ಮೊದಲ ಮಹಾಯುದ್ಧ ಬಂತು. ಡೆನ್ಮಾರ್ಕೇ ನಮ್ಮದು ಎಂದುಕೊಂಡಿದ್ದ ಸಾವಿರಾರು ಹುಡುಗರು ಜರ್ಮನ್ ಸಮವಸ್ತ್ರ ತೊಟ್ಟು ಹೊರಟರು. ಎಷ್ಟೋ ಮಂದಿ ವಾಪಸ್ ಬರಲೇ ಇಲ್ಲ. ಮಗ ಯಾವ ದೇಶಕ್ಕಾಗಿ ಸತ್ತ ಎಂದು ಆ ತಾಯಂದಿರಿಗೆ ಯಾರು ಹೇಳಬೇಕಿತ್ತು? ಇದನ್ನು ನೆನೆದಾಗೆಲ್ಲ ನನಗೆ ಹೊಟ್ಟೆ ಕಲಸಿದಂತಾಗುತ್ತದೆ.

ಯುದ್ಧ ಮುಗಿದ ಮೇಲೆ, 1920ರಲ್ಲಿ, ಜನರನ್ನೇ ಕೇಳಿದರು. ಫೆಬ್ರುವರಿ 10ರಂದು ಉತ್ತರ ಭಾಗದವರು ಮತ ಹಾಕಿದರು. ನೂರಕ್ಕೆ ಸುಮಾರು 75 ಮಂದಿ ಡೆನ್ಮಾರ್ಕ್ ಎಂದರು. ಮಾರ್ಚ್ 14ರಂದು ಅದರ ದಕ್ಷಿಣದವರ ಸರದಿ. ಅಲ್ಲಿ ನೂರಕ್ಕೆ ಸುಮಾರು 80 ಮಂದಿ ಜರ್ಮನಿ ಎಂದರು. ಗೆರೆ ನಡುವೆ ಬಿತ್ತು. ಈಗಲೂ ಅದೇ ಗಡಿ.

ನ್ಯಾಯವಾಗಿಯೇ ಆಯ್ತಲ್ವಾ? ಬಹುಪಾಲು ಹೌದು. ಆದರೆ ಟೋಂಡರ್ ಎಂಬ ಊರನ್ನು ನೋಡಿ. ಊರಿನ ಹೆಚ್ಚಿನವರು ಜರ್ಮನಿಗೆ ಮತ ಹಾಕಿದ್ದರು. ಉತ್ತರ ಭಾಗದ ಮತಗಳನ್ನೆಲ್ಲ ಒಟ್ಟಿಗೆ ಎಣಿಸಿದ್ದರಿಂದ ಊರು ಡೆನ್ಮಾರ್ಕಿಗೆ ಹೋಯಿತು. ದಕ್ಷಿಣದಲ್ಲಿ ಡೆನ್ಮಾರ್ಕ್ ಬೇಕೆಂದವರು ಜರ್ಮನಿಯಲ್ಲೇ ಉಳಿದರು. ಇನ್ನೊಂದು ಮಾತು. ಅವರ ಮುಂದಿದ್ದದ್ದು ಎರಡೇ ದೇಶ. ನಾನು ಶ್ಲೆಸ್ವಿಗ್‌ನವನು, ಅಷ್ಟು ಸಾಕು ಅನ್ನುವವನು ಏನು ಮಾಡಬೇಕಿತ್ತು?

ಇಷ್ಟೆಲ್ಲ ಆದ ಮೇಲೆ, ಇನ್ನೊಂದು ಮಹಾಯುದ್ಧವೂ ಕಳೆದ ಮೇಲೆ, 1955ರಲ್ಲಿ ಪಶ್ಚಿಮ ಜರ್ಮನಿ ಮತ್ತು ಡೆನ್ಮಾರ್ಕ್ ಸರ್ಕಾರಗಳು ತಮ್ಮ ತಮ್ಮ ಅಲ್ಪಸಂಖ್ಯಾತರ ಬಗ್ಗೆ ಒಂದೊಂದು ಘೋಷಣೆ ಹೊರಡಿಸಿದವು. ಅದರಲ್ಲಿನ ಒಂದು ಮಾತು ನನಗೆ ತುಂಬ ಇಷ್ಟ. ನಾನು ಡೇನ್ ಅಥವಾ ನಾನು ಜರ್ಮನ್ ಎಂದು ಹೇಳಿಕೊಳ್ಳಲು ಯಾರಿಗೂ ಅಡ್ಡಿಯಿಲ್ಲ. ಅಧಿಕಾರಿಗಳು ಅದನ್ನು ಪ್ರಶ್ನಿಸುವಂತಿಲ್ಲ, ಪರೀಕ್ಷಿಸುವಂತೆಯೂ ಇಲ್ಲ. ಅಂದರೆ ನಿನ್ನ ಅಜ್ಜ ಯಾರು, ನಿನ್ನ ಹೆಸರು ಯಾಕೆ ಹೀಗಿದೆ, ಮನೆಯಲ್ಲಿ ಯಾವ ಮಾತು ಅಂತ ಯಾರೂ ತನಿಖೆ ಮಾಡುವ ಹಾಗಿಲ್ಲ.

ಮನೆಮಾತನ್ನು ನೋಡಿ ದೇಶ ಹೇಳುತ್ತೇನೆ ಅನ್ನುವವರು ಅಲ್ಲಿ ಸೋತೇ ಹೋಗುತ್ತಾರೆ. ಗಡಿಯ ಡೆನ್ಮಾರ್ಕ್ ಬದಿಯಲ್ಲಿ ಜರ್ಮನ್ ಅಲ್ಪಸಂಖ್ಯಾತರಿದ್ದಾರೆ, ಅವರದೇ ಶಾಲೆಗಳಿವೆ. ಆದರೆ ಅವರಲ್ಲಿ ಹೆಚ್ಚಿನವರು ಮನೆಯಲ್ಲಿ ಆಡುವುದು ಡೇನಿಷ್‌ನ ಒಂದು ಒಳನುಡಿ. ಸನ್ನರ್‌ಯುಸ್ಕ್ ಎಂದು ಅದರ ಹೆಸರು. ಆ ಶಾಲೆಗಳಲ್ಲಿ ಪಾಠ ಜರ್ಮನ್‌ನಲ್ಲಿ ನಡೆಯುತ್ತದೆ. ಬಿಡುವಿನ ಗಂಟೆ ಹೊಡೆಯಲಿ, ಅಂಗಳದಲ್ಲಿ ಆಟ, ಜಗಳ, ರಾಜಿ ಎಲ್ಲದಕ್ಕೂ ಹೆಚ್ಚಾಗಿ ಸನ್ನರ್‌ಯುಸ್ಕೇ ಬಾಯಿಗೆ ಬರುತ್ತದೆ.

ನಮಸ್ಕಾರ.