ಗೊದಮೊಟ್ಟೆಯ ಬಾಲ ಎಲ್ಲಿಗೆ ಹೋಯಿತು?

ಕೇಳುಗರಿಗೆಲ್ಲ ನಮಸ್ಕಾರ.

ಮನೆಯಲ್ಲಿ ಕಾಲು ಸೂಪು ಮಾಡುವವರು ಇದನ್ನು ನೋಡಿಯೇ ಇರುತ್ತೀರಿ. ಗಂಟೆಗಟ್ಟಲೆ ಕುದಿಸಿದ ಸೂಪನ್ನು ರಾತ್ರಿ ತಣ್ಣಗೆ ಬಿಟ್ಟರೆ ಬೆಳಿಗ್ಗೆ ಗಟ್ಟಿಯಾಗಿ ಅಲುಗಾಡುತ್ತಿರುತ್ತದೆ. ಅದು ಜೆಲಟಿನ್. ಕುದಿಯುವ ಮುಂಚೆ ಅದರ ಹೆಸರು ಕೊಲಾಜೆನ್. ಚರ್ಮ, ಸ್ನಾಯುರಜ್ಜು, ಮೃದ್ವಸ್ಥಿ, ಮೂಳೆ, ಹೀಗೆ ದೇಹವನ್ನು ಕಟ್ಟಿ ಹಿಡಿದಿರುವ ಸಂಯೋಜಕ ಅಂಗಾಂಶಗಳ ಮುಖ್ಯ ಹಗ್ಗ ಇದೇ. ಹಗ್ಗ ಅಂದದ್ದು ಬಾಯಿಮಾತಿಗಲ್ಲ. ಮೂರು ಎಳೆ ಹೊಸೆದ ಹುರಿ ಅದು. ಉದ್ದ 300 ನ್ಯಾನೋಮೀಟರ್, ದಪ್ಪ ಬರೀ ಒಂದೂವರೆ. ಈ ಮೂರೆಳೆಯ ವಿನ್ಯಾಸವನ್ನು 1954ರಲ್ಲಿ ಮದರಾಸಿನಿಂದ ಜಗತ್ತಿಗೆ ಹೇಳಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಅಡುಗೆಮನೆಯಲ್ಲಿ ಈ ಹುರಿ ಬಿಚ್ಚಲು ಒಲೆ ಇದೆ. ದೇಹದೊಳಗೆ ಒಲೆ ಇಲ್ಲ. ಆದರೂ ಗಾಯ ಮಾಯುವಾಗ, ಹೆರಿಗೆಯ ನಂತರ ಗರ್ಭಕೋಶ ಕುಗ್ಗುವಾಗ, ಸಂಧಿವಾತದಲ್ಲಿ ಮೊಣಕಾಲಿನ ಮೃದ್ವಸ್ಥಿ ಸವೆಯುವಾಗ ಕೊಲಾಜೆನ್ ಕರಗುತ್ತದೆ. ಕತ್ತರಿಸುವುದು ಕೊಲಾಜಿನೇಸ್ ಎಂಬ ಕಿಣ್ವ. ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು: ಕಿಣ್ವ ಎಷ್ಟಿದೆ ಅನ್ನುವುದು ಬೇರೆ, ಅದು ಎಷ್ಟು ಕತ್ತರಿಸುತ್ತಿದೆ ಅನ್ನುವುದು ಬೇರೆ. ಬೇಸರ ಮಾಡಿಕೊಳ್ಳಬೇಡಿ, ಇದನ್ನು ಮತ್ತೆ ಮತ್ತೆ ಹೇಳುತ್ತೇನೆ.

ಈಗ ಗೊದಮೊಟ್ಟೆಗೆ ಬರೋಣ. ಮಳೆಗಾಲದ ಹೊಂಡದಲ್ಲಿ ಮಕ್ಕಳು ಮೀನಿನ ಮರಿ ಅಂದುಕೊಂಡು ಹಿಡಿಯುತ್ತಾರಲ್ಲ, ಅದೇ. ಕಪ್ಪೆಯಾಗುವ ಹೊತ್ತಿಗೆ ಅದರ ಬಾಲ ಉದುರುವುದಿಲ್ಲ, ಕೆಲವೇ ದಿನಗಳಲ್ಲಿ ಒಳಗೇ ಕರಗಿ ಹೋಗುತ್ತದೆ. ಬಾಲದ ತುಂಬ ಕೊಲಾಜೆನ್ ಇದೆ. ಹಾಗಾದರೆ ಕತ್ತರಿಸಿದ್ದು ಯಾರು? 1960ರ ದಶಕದ ಆರಂಭದವರೆಗೆ ಇಂಥ ಕೆಲಸ ಮಾಡುವ ಕಿಣ್ವ ಬ್ಯಾಕ್ಟೀರಿಯಾದಲ್ಲಿ ಮಾತ್ರ ಸಿಕ್ಕಿತ್ತು. ಪ್ರಾಣಿಗಳ ಅಂಗಾಂಶವನ್ನು ಅರೆದು, ಸೋಸಿ ಹುಡುಕಿದವರಿಗೆ ಏನೂ ಸಿಗುತ್ತಿರಲಿಲ್ಲ.

ಬಾಸ್ಟನ್ನಿನ ಜೆರೋಮ್ ಗ್ರಾಸ್ ಮತ್ತು ಬೆಲ್ಜಿಯಂನ ಚಾರ್ಲ್ಸ್ ಲಾಪಿಯೇರ್ ಅರೆಯುವುದನ್ನೇ ಕೈಬಿಟ್ಟರು. ಎಷ್ಟು ಸರಳ ನೋಡಿ! ಕೊಲಾಜೆನ್ ದ್ರಾವಣ ತಣ್ಣಗಿದ್ದಾಗ ನೀರಿನಂತೆ ತಿಳಿ, 37 ಡಿಗ್ರಿಗೆ ಬೆಚ್ಚಗಾದರೆ ಮೊಸರು ಹೆಪ್ಪಾದಂತೆ ಬೆಳ್ಳಗೆ ಗಟ್ಟಿಯಾಗುತ್ತದೆ. ಆ ಬಿಳಿ ಹೆಪ್ಪಿನ ಮೇಲೆ ಗೊದಮೊಟ್ಟೆಯ ಬಾಲದ ಜೀವಂತ ಚೂರುಗಳನ್ನಿಟ್ಟು ಕಾದರು. ಚೂರಿನ ಸುತ್ತ ಹೆಪ್ಪು ಕರಗಿ ತಿಳಿಯಾಯಿತು. ನುಸಿ ತಿಂದ ಬಟ್ಟೆಯ ತೂತಿನ ಹಾಗೆ! 1962ರಲ್ಲಿ ಇದನ್ನು ಪ್ರಕಟಿಸಿದರು. ಅರೆದವರಿಗೆ ಏಕೆ ಸಿಗಲಿಲ್ಲ? ಈ ಕಿಣ್ವವನ್ನು ಜೀವಕೋಶ ಕಣಜದಲ್ಲಿ ತುಂಬಿಡುವುದಿಲ್ಲ, ಬೇಕಾದಾಗ ತಯಾರಿಸಿ ಹೊರಗೆ ಬಿಡುತ್ತದೆ. ಗ್ರಾಸ್ ಮತ್ತು ಲಾಪಿಯೇರ್ ಹುಡುಕಿದ್ದು ಸರಕನ್ನಲ್ಲ, ಕೆಲಸವನ್ನು. ಅದಕ್ಕೇ ಸಿಕ್ಕಿತು.

1965ರಲ್ಲಿ ನಾಗಾಯ್ ಜೊತೆ ಸೇರಿ ಗ್ರಾಸ್ ಇನ್ನೂ ಸೊಗಸಾದ ಸಂಗತಿ ತೋರಿಸಿದರು. ಕಿಣ್ವ ಹುರಿಯನ್ನು ಚಿಂದಿ ಮಾಡುವುದಿಲ್ಲ, ಒಂದೇ ಜಾಗದಲ್ಲಿ ಕಡಿಯುತ್ತದೆ. ಮುಕ್ಕಾಲು ಒಂದು ತುಂಡು, ಕಾಲು ಇನ್ನೊಂದು. ದೇಹದ ಬಿಸಿಗೆ ಆ ತುಂಡುಗಳು ತಾವಾಗಿ ಬಿಚ್ಚಿಕೊಂಡು ಜೆಲಟಿನ್ ಆಗುತ್ತವೆ. ಅಲ್ಲಿಂದ ಮುಂದೆ ಬೇರೆ ಕಿಣ್ವಗಳ ಪಾಲು.

ಹೆಪ್ಪು ಎಷ್ಟು ಕರಗಿತು ಎಂದು ಅಳೆಯುವುದು ಹೇಗೆ? ಕಣ್ಣಂದಾಜು ಬೇಡ. ಕೊಲಾಜೆನ್‌ನಲ್ಲಿ ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೋ ಆಮ್ಲ ಹೇರಳ, ತೂಕದಲ್ಲಿ ಸುಮಾರು ಶೇ. 13. ಬೇರೆ ಪ್ರೋಟೀನ್‌ಗಳಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಕರಗದೆ ಉಳಿದ ನಾರನ್ನು ಸೆಂಟ್ರಿಫ್ಯೂಜ್‌ನಲ್ಲಿ ತಳಕ್ಕೆ ಇಳಿಸಿ, ಮೇಲಿನ ತಿಳಿಯನ್ನು 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಬಿಗಿಯಾಗಿ ಮುಚ್ಚಿದ ಟ್ಯೂಬಿನಲ್ಲಿ, 110 ಡಿಗ್ರಿಯಲ್ಲಿ ರಾತ್ರಿಯಿಡೀ ಬೇಯಿಸಿ. ಆಮ್ಲವನ್ನು ಆವಿಯಾಗಿಸಿ ತೆಗೆಯಿರಿ ಅಥವಾ ತಟಸ್ಥ ಮಾಡಿ. ಇಲ್ಲಿ ಅವಸರ ಪಟ್ಟರೆ ಮುಂದೆ ಬಣ್ಣವೇ ಸರಿಯಾಗಿ ಬರುವುದಿಲ್ಲ. ಆಮೇಲೆ ಹೈಡ್ರಾಕ್ಸಿಪ್ರೋಲಿನ್ ಅನ್ನು ಉತ್ಕರ್ಷಿಸುವ ಕ್ಲೋರಮೈನ್-ಟಿ, ಅದಾದ ಮೇಲೆ ಬಣ್ಣ ಬರಿಸುವ ಎರ್ಲಿಕ್ ದ್ರಾವಣ ಹಾಕಿ, 60 ಡಿಗ್ರಿಯ ನೀರಿನಲ್ಲಿ ಕಾಲು ಗಂಟೆ ಇಡಿ. ಕೆಂಪು ಬಣ್ಣವನ್ನು 557 ನ್ಯಾನೋಮೀಟರ್‌ನಲ್ಲಿ ಓದಿ. ಬಂದ ಹೈಡ್ರಾಕ್ಸಿಪ್ರೋಲಿನ್ ತೂಕವನ್ನು ಏಳೂವರೆಯಿಂದ ಗುಣಿಸಿದರೆ ಕರಗಿದ ಕೊಲಾಜೆನ್ ಎಷ್ಟೆಂದು ತಿಳಿಯುತ್ತದೆ.

ವಿದ್ಯಾರ್ಥಿಗಳು ಎಡವುವ ಜಾಗ ಒಂದಿದೆ. ಜೊತೆಯಲ್ಲೇ ಒಂದು ಟ್ಯೂಬಿಗೆ ಕೊಲಾಜಿನೇಸ್ ಬದಲು ಟ್ರಿಪ್ಸಿನ್ ಹಾಕಿಡಿ. ಇದು ಪ್ರೋಟೀನ್ ಕತ್ತರಿಸುವ ಇನ್ನೊಂದು ಕಿಣ್ವ. ಸರಿಯಾಗಿ ಹೊಸೆದ ಹುರಿಯನ್ನು ಟ್ರಿಪ್ಸಿನ್ ಮುಟ್ಟುವುದಿಲ್ಲ. ಅಲ್ಲಿಯೂ ಹೆಪ್ಪು ಕರಗಿತೇ? ಹಾಗಾದರೆ ನಿಮ್ಮ ಕೊಲಾಜೆನ್ ಮೊದಲೇ ಬಿಸಿಗೆ ಕೆಟ್ಟಿದೆ, ಇಡೀ ಪ್ರಯೋಗ ಚೆಲ್ಲಿಬಿಡಿ. ಈ ಒಂದು ಟ್ಯೂಬಿಗೆ ಸೋಮಾರಿತನ ಮಾಡುವವರನ್ನು ಕಂಡರೆ ನನಗೆ, ಕ್ಷಮಿಸಿ, ತಾಳ್ಮೆ ಇರುವುದಿಲ್ಲ.

ಇನ್ನು ಇಷ್ಟೆಲ್ಲ ಏಕೆ, ಪ್ರತಿಕಾಯಗಳಿಂದ ಪ್ರೋಟೀನ್ ಹಿಡಿದು ಎಣಿಸುವ ಎಲೈಸಾ ಕಿಟ್ ತಂದು ಕಿಣ್ವದ ಪ್ರಮಾಣ ನೋಡಿದರಾಯಿತಲ್ಲ ಅನ್ನುವವರಿದ್ದಾರೆ. ಸ್ವಾಮಿ, ಈ ಕಿಣ್ವ ಹುಟ್ಟುವಾಗ ಒರೆಯೊಳಗಿನ ಕತ್ತಿ. ಅದರ ಬಾಯಲ್ಲಿರುವ ಸತುವಿಗೆ ಅದರದೇ ಒಂದು ತುಣುಕು ಬಿರಡೆ ಹಾಕಿ ಕೂತಿರುತ್ತದೆ. ಬಿರಡೆ ಕಳಚಿದ ಮೇಲೂ ಟಿಂಪ್ ಎಂಬ ಪ್ರೋಟೀನ್ ಬಂದು ಹಿಡಿದು ನಿಲ್ಲಿಸಬಹುದು. ಕಿಟ್ ಸಾಮಾನ್ಯವಾಗಿ ಒರೆಯಲ್ಲಿರುವುದನ್ನೂ ಹಿರಿದದ್ದನ್ನೂ ಸೇರಿಸಿಯೇ ಎಣಿಸುತ್ತದೆ. ಎಷ್ಟಿದೆ ಅನ್ನುವುದು ಬೇರೆ, ಎಷ್ಟು ಕತ್ತರಿಸುತ್ತಿದೆ ಅನ್ನುವುದು ಬೇರೆ.

ಸಮಯದ ಸನ್ನೆ ಬರುತ್ತಿದೆ, ಝೈಮೋಗ್ರಫಿಯನ್ನು, ಅಂದರೆ ಕಿಣ್ವದ ಕೆಲಸವನ್ನು ಜೆಲ್‌ನ ಮೇಲೆ ಪಟ್ಟಿಯಾಗಿ ನೋಡುವ ವಿಧಾನವನ್ನು, ಬೇಗ ಬೇಗ ಹೇಳಬೇಕು. ಆಗಲೇ ಹೇಳಿದ, ಜೆಲಟಿನ್ ಕತ್ತರಿಸುವ ಬೇರೆ ಕಿಣ್ವಗಳಿಗೆ ಈ ವಿಧಾನ. ಶೇ. 10ರ ಜೆಲ್‌ನಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ ಜೆಲಟಿನ್ ಬೆರೆಸಿ. ಮಾದರಿಯನ್ನು ಕುದಿಸಬೇಡಿ, ಮರ್ಕ್ಯಾಪ್ಟೋಎಥನಾಲ್ ಹಾಕಬೇಡಿ. ಹಾಕಿದರೆ ಕಿಣ್ವ ಮತ್ತೆ ಏಳುವುದಿಲ್ಲ. ವಿದ್ಯುತ್ ಹರಿಸಿ ಮಾದರಿಯನ್ನು ಜೆಲ್‌ನಲ್ಲಿ ಓಡಿಸಿದ ಮೇಲೆ ಶೇ. 2.5ರ ಟ್ರೈಟಾನ್ ಎಂಬ ಮಾರ್ಜಕದಲ್ಲಿ ಅರ್ಧರ್ಧ ಗಂಟೆಯಂತೆ ಎರಡು ಸಲ ತೊಳೆದು, ಕ್ಯಾಲ್ಸಿಯಂ ಇರುವ ಬಫರ್‌ನಲ್ಲಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟು, ಪ್ರೋಟೀನ್‌ಗೆ ಅಂಟುವ ಕೂಮಾಸಿ ನೀಲಿ ಬಣ್ಣ ಹಾಕಿ. ನೀಲಿಯ ಮೇಲೆ 92 ಮತ್ತು 72 ಕಿಲೋಡಾಲ್ಟನ್ ಜಾಗದಲ್ಲಿ ಬಿಳಿ ಪಟ್ಟಿ ಕಾಣುತ್ತದೆ. ಆದರೆ ಹುಷಾರು, ಜೆಲ್‌ನಲ್ಲಿರುವ ಎಸ್‌ಡಿಎಸ್ ಎಂಬ ಮಾರ್ಜಕ ಒರೆಯನ್ನು ತಾನೇ ಸಡಿಲಿಸುತ್ತದೆ, ಟಿಂಪನ್ನೂ ಬಿಡಿಸುತ್ತದೆ. ಈ ಎರಡು ಪಟ್ಟಿಗಳು ಒರೆಯಲ್ಲಿದ್ದ ಕತ್ತಿಗಳವೇ. ನಿಜವಾಗಿ ಹಿರಿದ ಕತ್ತಿಯ ಪಟ್ಟಿ ಅವುಗಳಿಗಿಂತ ಸ್ವಲ್ಪ ಕೆಳಗಿರುತ್ತದೆ.

ರಕ್ತದ ಮಾದರಿಯಾದರೆ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಬೇಡ. ರಕ್ತ ಹೆಪ್ಪುಗಟ್ಟುವಾಗ ಬಿಳಿ ರಕ್ತಕಣಗಳು ಆ 92 ಕಿಲೋಡಾಲ್ಟನ್ ಕಿಣ್ವವನ್ನು ಉಗುಳುತ್ತವೆ, ರೋಗವಿಲ್ಲದವರಲ್ಲೂ ಪಟ್ಟಿ ದಪ್ಪಗೆ ಕಾಣುತ್ತದೆ. ನೇರವಾಗಿ ಚಟುವಟಿಕೆ ಅಳೆಯುವುದಾದರೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬೂ ಬೇಡ, ಅದು ಕಿಣ್ವಕ್ಕೆ ಬೇಕಾದ ಕ್ಯಾಲ್ಸಿಯಂ, ಸತು ಎರಡನ್ನೂ ಕಸಿದುಕೊಳ್ಳುತ್ತದೆ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಲ್ಲಿ ತೆಗೆದು, ತಡಮಾಡದೆ ಸೆಂಟ್ರಿಫ್ಯೂಜ್ ಮಾಡಿ, ಮೇಲೆ ನಿಂತ ತಿಳಿ ದ್ರವವಾದ ಪ್ಲಾಸ್ಮಾವನ್ನು ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿಡಿ. ಒಮ್ಮೆ ಕರಗಿಸಿದ ಪಾಲನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ನಮಸ್ಕಾರ.