ಕ್ಯಾಮೆರಾ ಗದ್ದೆ ಬದುವಿನಲ್ಲಿ, ಕ್ಲಿಕ್ ಲ್ಯಾಪ್‌ಟಾಪಿನಲ್ಲಿ

ಕೇಳುಗರಿಗೆ ನಮಸ್ಕಾರ.

ಜನವರಿ ಕೊನೆಯ ವಾರ, ರಾತ್ರಿ ಒಂಬತ್ತೂವರೆ ಹೊತ್ತಿಗೆ ಮಹಾವ್ಯಾಧ, ಅಂದರೆ ಓರಿಯನ್ ನಕ್ಷತ್ರಪುಂಜ, ನೆತ್ತಿಯ ಹತ್ತಿರ ಬಂದಿರುತ್ತಾನೆ. ಅವನ ಸೊಂಟಪಟ್ಟಿಯ ಕೆಳಗಿನ ನೀಹಾರಿಕೆಯನ್ನು ಹಿಡಿಯಲು ಸಾಧಾರಣ ಡಿಎಸ್‌ಎಲ್‌ಆರ್ ಸಾಕು. ಆದರೆ ಒಂದು ಫೋಟೊದಿಂದ ಆಗದು, ಒಂದರ ಮೇಲೊಂದು ಸೇರಿಸಲು ಅರವತ್ತಾದರೂ ಬೇಕು. ಪ್ರತಿ ಸಲ ಬೆರಳಿಟ್ಟು ಒತ್ತಿದರೆ ಕ್ಯಾಮೆರಾ ಅಲುಗಿ ನಕ್ಷತ್ರ ಚುಕ್ಕಿಯಾಗಿ ಉಳಿಯದೆ ಎಳೆದ ಗೆರೆಯಾಗುತ್ತದೆ. ಅದಕ್ಕೇ ಯುಎಸ್‌ಬಿ ಕೇಬಲ್, ಲ್ಯಾಪ್‌ಟಾಪ್.

ವಿಂಡೋಸ್‌ನಲ್ಲಿ ನೀನಾ, ಡಿಜಿಕ್ಯಾಮ್‌ಕಂಟ್ರೋಲ್, ಲಿನಕ್ಸ್‌ನಲ್ಲಿ ಕೆಸ್ಟಾರ್ಸ್ ಜೊತೆಗಿನ ಎಕೋಸ್, ಮೂರೂ ಲ್ಯಾಪ್‌ಟಾಪಿನಿಂದ ಕ್ಯಾಮೆರಾ ನಡೆಸುವ ಉಚಿತ ತಂತ್ರಾಂಶಗಳು. ಯಾವುದಾದರೂ ಸರಿ, ಮೊದಲ ಸಲ ಮನೆಯಲ್ಲೇ ಹಗಲು ಹೊತ್ತು ಜೋಡಿಸಿ ನೋಡಿ. ಕತ್ತಲಲ್ಲಿ ಕಲಿಯುವ ಕೆಲಸ ಇದಲ್ಲ. ‘ಕ್ಯಾಮೆರಾ ಸಿಗುತ್ತಿಲ್ಲ’ ಎಂದು ಬಂದರೆ ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗಬೇಡಿ. ಅದು ಒಂದು ಸಲಕ್ಕೆ ಒಬ್ಬ ಯಜಮಾನನ ಮಾತನ್ನಷ್ಟೇ ಕೇಳುತ್ತದೆ. ಕ್ಯಾನನ್ ಕಂಪನಿಯ ಇಒಎಸ್ ಯುಟಿಲಿಟಿ ತಾನಾಗಿ ತೆರೆದುಕೊಂಡು ಮೊದಲೇ ಹಿಡಿದಿರುತ್ತದೆ. ಲಿನಕ್ಸ್‌ನಲ್ಲಾದರೆ ಫೈಲ್ ಮ್ಯಾನೇಜರ್. ಯುಟಿಲಿಟಿಯಾದರೆ ಮುಚ್ಚಿದರೆ ಸಾಕು, ಲಿನಕ್ಸ್‌ನಲ್ಲಿ ಕ್ಯಾಮೆರಾವನ್ನು ಅನ್‌ಮೌಂಟ್ ಮಾಡಿ, ಅಂದರೆ ಫೈಲ್ ಮ್ಯಾನೇಜರಿನ ಹಿಡಿತದಿಂದ ಬಿಡಿಸಿ. 30 ಸೆಕೆಂಡಿಗಿಂತ ಹೆಚ್ಚು ಹೊತ್ತು ಶಟರ್ ತೆರೆದಿಡುವ ಬಲ್ಬ್ ಕೆಲಸ ಕೆಲವು ಹಳೆಯ ಕ್ಯಾಮೆರಾಗಳಲ್ಲಿ ಯುಎಸ್‌ಬಿಯಿಂದ ಆಗುವುದಿಲ್ಲ, ಬೇರೆ ಶಟರ್ ಕೇಬಲ್ ಬೇಕಾಗುತ್ತದೆ.

ಕ್ಯಾಮೆರಾ ಮೆನುವಿನಲ್ಲಿ ಫೈಲ್ ರಾ ಇರಲಿ, ಆಟೊ ಪವರ್ ಆಫ್ ಬೇಡ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಅನ್ನೂ ಆಫ್ ಮಾಡಿ. ಇಲ್ಲದಿದ್ದರೆ 60 ಸೆಕೆಂಡಿನ ಪ್ರತಿ ಫೋಟೊದ ಹಿಂದೆಯೇ ಇನ್ನೊಂದು 60 ಸೆಕೆಂಡು ಕಪ್ಪು ಫೋಟೊ ತೆಗೆಯುತ್ತಾ ಅರ್ಧ ರಾತ್ರಿಯನ್ನು ನುಂಗಿಬಿಡುತ್ತದೆ. ಫೋಟೊಗಳು ಕಾರ್ಡಿನಲ್ಲೂ ಲ್ಯಾಪ್‌ಟಾಪಿನಲ್ಲೂ ಉಳಿಯುವಂತೆ ಮಾಡಿ, ಕೇಬಲ್ ಕಳಚಿದರೂ ಕೈಬಿಡುವುದಿಲ್ಲ.

ಹೆಚ್ಚು ರಾತ್ರಿ ಹಾಳಾಗುವುದು ಫೋಕಸ್‌ನಿಂದ. ಲೆನ್ಸಿನ ಗುಂಡಿ ಕೈಯಿಂದ ಫೋಕಸ್ ಮಾಡುವ ಎಂಎಫ್‌ನಲ್ಲಿರಲಿ. ಎಎಫ್‌ನಲ್ಲಿದ್ದರೆ ಕ್ಯಾಮೆರಾ ತಾನೇ ಫೋಕಸ್ ಹುಡುಕುತ್ತಾ ಕತ್ತಲಲ್ಲಿ ತಡಕಾಡಿ ಕ್ಲಿಕ್ಕೇ ಆಗದು. ಹೊಳೆಯುವ ಲುಬ್ಧಕ (ಸಿರಿಯಸ್) ನಕ್ಷತ್ರದತ್ತ ತಿರುಗಿಸಿ, ಪರದೆಯಲ್ಲಿ ಲೈವ್ ವ್ಯೂ 10 ಪಟ್ಟು ಹಿಗ್ಗಿಸಿ. ಅನಂತದ ಗುರುತನ್ನು ನಂಬಬೇಡಿ. ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ಚುಕ್ಕಿ ಕುಗ್ಗಿ, ಮತ್ತೆ ಊದಲು ಶುರುವಾಗುತ್ತದೆ. ಹಿಂದಕ್ಕೆ ಬಂದು ಅತಿ ಚಿಕ್ಕದಾದಲ್ಲಿ ನಿಲ್ಲಿಸಿ, ಟೇಪ್ ಅಂಟಿಸಿ.

200 ಎಂಎಂ ಲೆನ್ಸಿಗೆ ಆಕಾಶ ಸರಿದಂತೆ ಕ್ಯಾಮೆರಾವನ್ನು ತಿರುಗಿಸುವ ಟ್ರ್ಯಾಕರ್ ಇಲ್ಲದೆ ಒಂದೂವರೆ ಸೆಕೆಂಡಿಗೇ ನಕ್ಷತ್ರ ಉದ್ದವಾಗುತ್ತದೆ. ಟ್ರ್ಯಾಕರ್ ಇದ್ದರೆ ಐಎಸ್‌ಒ 800, 60 ಸೆಕೆಂಡು, 60 ಫೋಟೊ. ನೀಹಾರಿಕೆಯ ನಡುಭಾಗ ಬೆಳ್ಳಗೆ ಉರಿದುಹೋಗುವುದರಿಂದ 10 ಸೆಕೆಂಡಿನವನ್ನೂ ಇಪ್ಪತ್ತು ತೆಗೆಯಿರಿ. ಟ್ರ್ಯಾಕರ್ ಹೊಂದಿಸಲು ಧ್ರುವ ನಕ್ಷತ್ರ ಬೇಕು. ಮಂಡ್ಯದಲ್ಲಿ ಅದು ದಿಗಂತದಿಂದ ಸುಮಾರು 12 ಡಿಗ್ರಿ ಮೇಲೆ ಮಾತ್ರ. ಒಂದು ತೆಂಗಿನ ಮರ ಸಾಕು, ಮರೆಯಾಗಲು. ಉತ್ತರಕ್ಕೆ ತೆರೆದ ಬಯಲನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ.

ನಾಲೆ ಬಯಲಿನಲ್ಲಿ ಇಬ್ಬನಿ ಜೋರು. ಲೆನ್ಸಿನ ಮೇಲೆ ಕೂತರೆ ನಕ್ಷತ್ರಗಳ ಸುತ್ತ ಮಬ್ಬು ಬಳೆ ಕಾಣುತ್ತದೆ. ಬಟ್ಟೆಯಿಂದ ಒರೆಸಿದರೆ ಫೋಕಸ್ ಕೆಡುತ್ತದೆ, ಮೊದಲೇ ಹೀಟರ್ ಪಟ್ಟಿ ಸುತ್ತಿ. ಹೆಚ್ಚಿನ ಡಿಎಸ್‌ಎಲ್‌ಆರ್‌ಗಳಲ್ಲಿ ಯುಎಸ್‌ಬಿ ಬ್ಯಾಟರಿಯನ್ನು ತುಂಬಿಸುವುದಿಲ್ಲ, ಇನ್ನೊಂದು ಬ್ಯಾಟರಿ ಜೇಬಿನಲ್ಲಿರಲಿ. ಚಳಿಗೆ ಚಾರ್ಜ್ ಬೇಗ ಇಳಿಯುತ್ತದೆ, ಜೇಬಿನಲ್ಲಿ ಬೆಚ್ಚಗಿರುತ್ತದೆ. ಲ್ಯಾಪ್‌ಟಾಪಿನ ಸ್ಲೀಪ್ ಆಫ್ ಮಾಡಿರಿ, ಅದು ಮಲಗಿದರೆ ಸರಣಿಯೂ ಮಲಗಿತು.

ಮುಗಿದ ಕೂಡಲೇ ಗಂಟು ಕಟ್ಟಬೇಡಿ. ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್‌ಒ, ಅದೇ 60 ಸೆಕೆಂಡಿನಲ್ಲಿ ಇಪ್ಪತ್ತು ಡಾರ್ಕ್ ಫೋಟೊ, ಅಂದರೆ ಸೆನ್ಸರಿನ ಚುಕ್ಕೆಗಳನ್ನು ಆಮೇಲೆ ಕಳೆಯಲು ಬೇಕಾದ ಕಪ್ಪು ಫೋಟೊ, ಅಲ್ಲೇ ತೆಗೆಯಿರಿ. ಮನೆಯ ಬೆಚ್ಚನೆಯಲ್ಲಿ ತೆಗೆದರೆ ಸೆನ್ಸರಿನ ಚುಕ್ಕೆಗಳು ಹೊಂದುವುದಿಲ್ಲ. ವ್ಯೂಫೈಂಡರ್ ಕಿಂಡಿಯನ್ನೂ ಮುಚ್ಚಿ. ಹಿಂದಿನಿಂದಲೂ ಬೆಳಕು ನುಗ್ಗುತ್ತದೆ.